ಲೇಬಲ್ ಮೇಲಿನ ತಾರೀಖು ನಂಬಬೇಡಿ: ವರ್ಡಿ ರೆಕ್ವಿಯಂನ ಹಳೇ ಲೈವ್ ರೆಕಾರ್ಡಿಂಗ್ ಹುಡುಕೋರಿಗೆ

ಪ್ರಶ್ನೆ: ಸರ್, ನಾನು ಮೈಸೂರಿನವಳು, ಆರು ವರ್ಷದಿಂದ ಸ್ಟುಟ್‌ಗಾರ್ಟ್‌ನಲ್ಲಿದೀನಿ. ಇಲ್ಲಿನ ಒಂದು ಹವ್ಯಾಸಿ ಕೊಯರ್ (ಗಾಯನ ವೃಂದ) ಸೇರ್ಕೊಂಡು ಹೋದ ವರ್ಷ ವರ್ಡಿಯ ರೆಕ್ವಿಯಂ, ಅಂದ್ರೆ ಸತ್ತವರಿಗಾಗಿ ಮಾಡೋ ಲ್ಯಾಟಿನ್ ಪ್ರಾರ್ಥನೆಗೆ ಅವರು ಕಟ್ಟಿದ ಸಂಗೀತ, ಹಾಡಿದ್ವಿ (ನಾನು ಆಲ್ಟೋ, ಹೆಂಗಸರ ಕೆಳದನಿ), ಅವತ್ತಿಂದ ಅದೇ ಗುಂಗು. ಸ್ಟುಡಿಯೋ ರೆಕಾರ್ಡಿಂಗ್‌ಗಳು ಬೇಕಾದಷ್ಟು ಕೇಳಿ ಆಯ್ತು, ಈಗ ಹಳೇ ಲೈವ್ ಕಛೇರಿಗಳನ್ನ ಸಂಗ್ರಹ ಮಾಡ್ಬೇಕು ಅಂತ ಆಸೆ. ಆದ್ರೆ ಆರ್ಕೆಸ್ಟ್ರಾ ನಡೆಸೋ ಕಂಡಕ್ಟರ್ ಟೋಸ್ಕನೀನಿ ಒಬ್ಬರದ್ದೇ ಎಷ್ಟೊಂದು ತಾರೀಖು, ಒಂದೇ ತಾರೀಖಿಗೆ ಮೂರು ನಾಲ್ಕು ಕಂಪನಿಯ ಸಿಡಿ, ತಲೆ ಕೆಟ್ಟು ಹೋಗಿದೆ. ಎಲ್ಲಿಂದ ಶುರು ಮಾಡ್ಲಿ? ಇನ್ನೊಂದು ವಿಷಯ, ನಮ್ಮ ಕೊಯರ್‌ನ ಹಿರಿಯರೊಬ್ಬರು ಅಟ್ಟದಲ್ಲಿದ್ದ ಒಂದು ಸ್ಪೂಲ್ ಟೇಪ್ ಕೊಟ್ಟಿದಾರೆ, ಡಬ್ಬಿ ಮೇಲೆ ಪೆನ್ಸಿಲ್‌ನಲ್ಲಿ ‘ವರ್ಡಿ ರೆಕ್ವಿಯಂ, ಬರ್ಲಿನ್, 1960’ ಅಂತ ಅಷ್ಟೇ ಇದೆ. ಇದು ಅಪರೂಪದ್ದಾ? ಹಾಕಿ ಕೇಳಬಹುದಾ?

ಉತ್ತರ: ಮೊದಲು ಟೇಪ್ ವಿಷಯ. ದಯವಿಟ್ಟು ಇನ್ನೂ ಹಾಕ್ಬೇಡಿ. ಯಾರದೋ ಮನೇಲಿ ಹಳೇ ಗ್ರುಂಡಿಗ್ ಟೇಪ್ ಮೆಷಿನ್ ಇದೆ, ಚಕ್ರ ತಿರುಗುತ್ತೆ ಅಂತ ಸಿಕ್ಕಿಸಿಬಿಡ್ಬೇಡಿ. ಅದರ ಬಗ್ಗೆ ಕೊನೇಲಿ ಬರೀತೀನಿ, ಅಲ್ಲಿವರೆಗೂ ಡಬ್ಬೀನ ಹೀಟರ್ ಹತ್ರ ಇಡದೆ ಪುಸ್ತಕದ ಕಪಾಟಲ್ಲಿ ಪುಸ್ತಕದ ಥರಾನೇ ನೆಟ್ಟಗೆ ನಿಲ್ಲಿಸಿಡಿ.

ಈಗ ಸಂಗ್ರಹದ ಕಥೆ. ಈ ಒಂದು ಕೃತಿ ಹಿಂದೆ ಬಿದ್ದು ನಂಗೆ ಇಪ್ಪತ್ತು ವರ್ಷದ ಮೇಲಾಯ್ತು, ಅದರಲ್ಲಿ ಮೊದಲ ಐದಾರು ವರ್ಷ ದುಡ್ಡು ಹಾಳು ಮಾಡಿದ್ದೇ ಹೆಚ್ಚು, ಯಾಕಂದ್ರೆ ನಾನು ತಾರೀಖು ಕೊಳ್ತಿದ್ದೆ, ಸಂಗೀತ ಅಲ್ಲ. ಪಟ್ಟೀಲಿ ಒಂದು ತಾರೀಖು ಇಲ್ಲ ಅಂದ್ರೆ ನಿದ್ದೆ ಬರ್ತಿರ್ಲಿಲ್ಲ. ಒಂದ್ಸಲ ‘ಟೋಸ್ಕನೀನಿ, ಕಾರ್ನೆಗೀ ಹಾಲ್, 1948’ ಅಂತ ಹೊದಿಕೆ ಇದ್ದ ಎರಡು ಸಿಡಿ ಸೆಟ್ಟು ಸಿಕ್ತು, ಬೆಲೆ ಕೇಳ್ಬೇಡಿ, ಆ ತಿಂಗಳು ಮನೇಲಿ ಮಾತುಕತೆ ಕಡಿಮೆ ಇತ್ತು. ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಕೂತೆ. ಶುರುವಿನ ಚೆಲ್ಲೋ ಬಂತು, ಕೊಯರ್ ಪಿಸುಗುಟ್ಟಿತು, ದೀಯೆಸ್ ಈರೆ (‘ಕ್ರೋಧದ ದಿನ’ ಅನ್ನೋ ಭಾಗ) ಗುಡುಗಿತು, ಎಲ್ಲಾ ಸರಿ. ಅದರೊಳಗೆ ಬರೋ ಹಾಡು ‘ಇಂಗೆಮಿಸ್ಕೊ’ ಬಂದಾಗ ಟೆನರ್ (ಗಂಡಸರ ಮೇಲ್ದನಿ ಹಾಡೋನು) ಬಾಯಿ ತೆಗೆದ ತಕ್ಷಣ ಹೊಟ್ಟೇಲಿ ಏನೋ ಕಿವುಚಿದ ಹಾಗಾಯ್ತು. ಈ ದನಿ ನಂಗೊತ್ತು. ಬಿಸಿಲಲ್ಲಿ ಇಟ್ಟ ಜೇನಿನ ಥರ, ಸ್ವಲ್ಪ ತೆರೆದ ಗಂಟಲಲ್ಲಿ ಹಾಡೋ ಆ ಹುಡುಗ ಜುಸೆಪ್ಪೆ ದಿ ಸ್ಟೆಫನೋ, ಬೇರೆ ಯಾರೂ ಆಗೋಕೆ ಸಾಧ್ಯ ಇಲ್ಲ. ಆದ್ರೆ 1948ರ ಏಪ್ರಿಲ್ ಕಛೇರೀಲಿ ಟೆನರ್ ವಿಲಿಯಂ ಮೆಕ್‌ಗ್ರಾತ್. ದಿ ಸ್ಟೆಫನೋ ಹಾಡಿದ್ದು 1951ರಲ್ಲಿ, ಅದು ನನ್ನ ಹತ್ರ ಆಗ್ಲೇ ಎರಡು ಪ್ರತಿ ಇತ್ತು! ಮೂರನೇದನ್ನ ಅಪರೂಪದ್ದು ಅಂತ ಹತ್ತು ಪಟ್ಟು ಕೊಟ್ಟು ತಗೊಂಡಿದ್ದೆ. ಮಾರಿದವರಿಗೆ ಬರೆದೆ, ಉತ್ತರ ಬರ್ಲಿಲ್ಲ.

ಅವತ್ತು ಕಲ್ತಿದ್ದು ಇಷ್ಟೇ: ಲೇಬಲ್ ಮೇಲಿನ ತಾರೀಖು ಅನ್ನೋದು ಯಾರೋ ಹೇಳಿದ ಮಾತು, ಅದು ಸಾಕ್ಷಿ ಅಲ್ಲ. ಅದಕ್ಕೇ ಹೊಸದಾಗಿ ಶುರು ಮಾಡೋರಿಗೆ ನಾನು ಹೇಳೋದು, ನಲವತ್ತು ಸಂಜೆ ಗುಡ್ಡೆ ಹಾಕೋ ಮೊದ್ಲು ಒಂದೇ ಒಂದು ಸಂಜೇನ ಕೆಮ್ಮು, ಕುರ್ಚಿ ಕಿರುಗುಟ್ಟೋದು ಸಮೇತ ಕಿವೀಲಿ ಇಳಿಸ್ಕೊಳ್ಳಿ. ಆಮೇಲೆ ಯಾರೇ ಏನೇ ಹೆಸರಲ್ಲಿ ಅದನ್ನೇ ಮತ್ತೆ ಮಾರಿದ್ರೂ ಸಿಕ್ಕಿಹಾಕ್ಕೊಳ್ತಾರೆ.

ಆ ಮೊದಲ ಸಂಜೆ ಯಾವುದು ಅಂದ್ರೆ ನನ್ನ ಓಟು 1940ರ ನವೆಂಬರ್ 23ಕ್ಕೆ. ನ್ಯೂಯಾರ್ಕಿನ ಕಾರ್ನೆಗೀ ಹಾಲ್, ಟೋಸ್ಕನೀನಿ ನಡೆಸಿದ್ದು, ಎನ್‌ಬಿಸಿ ಸಿಂಫನಿ, ವೆಸ್ಟ್‌ಮಿನ್‌ಸ್ಟರ್ ಕೊಯರ್, ಹಾಡಿದ್ದು ಝಿಂಕಾ ಮಿಲಾನೊವ್, ಬ್ರೂನಾ ಕಸ್ತಾನ್ಯ, ಯೂಸಿ ಬ್ಯೋರ್ಲಿಂಗ್, ನಿಕೋಲಾ ಮೊಸ್ಕೋನಾ. ಬ್ಯೋರ್ಲಿಂಗ್‌ಗೆ ಆಗ ಇಪ್ಪತ್ತೊಂಬತ್ತು. ಧ್ವನಿ ಗುಣಮಟ್ಟ ಚೆನ್ನಾಗಿದೆ ಅಂತ ಸುಳ್ಳು ಹೇಳಲ್ಲ, ಗಾಜಿನ ಕಿಟಕಿ ಆಚೆಯಿಂದ ಕೇಳಿದ ಹಾಗಿದೆ, ಆದ್ರೆ ಹತ್ತು ನಿಮಿಷಕ್ಕೆ ಕಿವಿ ಹೊಂದ್ಕೊಳ್ಳುತ್ತೆ. ಟೋಸ್ಕನೀನಿ ಅಂದ್ರೆ ಬರೀ ವೇಗ, ಬರೀ ಸಿಟ್ಟು ಅಂತ ಹೇಳೋರಿಗೆ ಇದನ್ನ ಕೇಳಿಸ್ಬೇಕು. 1951ರದ್ದು ಬಿಗಿ, ಮುಷ್ಟಿ ಕಟ್ಟಿದ ಹಾಗೆ. 1940ರದ್ದು ಉಸಿರಾಡುತ್ತೆ.

ಹಾಗಂತ 1951ರದ್ದು ಬಿಡ್ಬೇಡಿ, ಅದರಲ್ಲೊಂದು ಪಾಠ ಇದೆ. ಅದು ಜನವರಿ 27, ವರ್ಡಿ ತೀರ್ಕೊಂಡು ಸರಿಯಾಗಿ ಐವತ್ತು ವರ್ಷ. ಆ ರೇಡಿಯೋ ಕಛೇರಿಯನ್ನೇ ಮುಂದೆ ಆರ್‌ಸಿಎ ವಿಕ್ಟರ್ ಎಲ್‌ಪಿ ಮಾಡ್ತು, ಆದ್ರೆ ಅವತ್ತು ರಾತ್ರಿ ಕೇಳಿಸಿದ್ದು ಇದ್ದ ಹಾಗೇ ಅಲ್ಲ, ತಪ್ಪಿದ ಕಡೆಗೆಲ್ಲ ರಿಹರ್ಸಲ್‌ನಿಂದ ತುಂಡು ತಂದು ಕೂಡಿಸಿದ್ರು. ಅಂದ್ರೆ ಅಂಗಡೀಲಿ ಸಿಗೋ ‘1951 ಲೈವ್’ ಅನ್ನೋದು ಒಂದು ಹೊಲಿಗೆ ಹಾಕಿದ ಬಟ್ಟೆ, ಆ ರಾತ್ರಿ ಗಾಳೀಲಿ ಹೋಗಿದ್ದು ಇನ್ನೊಂದು. ಎರಡೂ ಸಂಗ್ರಾಹಕರ ಹತ್ರ ಓಡಾಡುತ್ತೆ, ಎರಡಕ್ಕೂ ಒಂದೇ ತಾರೀಖು. ನಿಮ್ಮ ‘ಒಂದೇ ತಾರೀಖಿಗೆ ನಾಲ್ಕು ಸಿಡಿ’ ಗೊಂದಲಕ್ಕೆ ಅರ್ಧ ಕಾರಣ ಇಂಥದ್ದೇ. ಇನ್ನರ್ಧ ಕಾರಣ ಮೂಲ ಒಂದೇ ಇದ್ರೂ ಅದನ್ನ ತೆಗೆದವರು ಬೇರೆ ಬೇರೆ: ಒಬ್ಬರು ಮೂಲ ಡಿಸ್ಕಿನಿಂದ ತೆಗೆದಿರ್ತಾರೆ, ಇನ್ನೊಬ್ಬರು ಯಾರದೋ ಎಲ್‌ಪಿಯಿಂದ, ಮತ್ತೊಬ್ಬರು ಆ ಎಲ್‌ಪಿಯ ಕ್ಯಾಸೆಟ್ ಕಾಪಿಯಿಂದ. ಫಿಲ್ಟರ್ ಕಾಫಿಗೆ ಎರಡನೇ ಸಲ ನೀರು ಹಾಕಿ, ಮೂರನೇ ಸಲ ನೀರು ಹಾಕಿ ಕೊಟ್ರೂ ಅದು ಕಾಫಿನೇ, ಏನ್ಮಾಡೋದು.

ತಮಾಷೆ ನೋಡಿ, ಅದೇ 1951ರ ಜನವರಿ 27ರಂದೇ ಮಿಲಾನ್‌ನ ಲಾ ಸ್ಕಾಲಾ ಒಪೇರಾ ಮನೇಲಿ ಕಂಡಕ್ಟರ್ ವಿಕ್ಟರ್ ದೆ ಸಬಾತಾ ಇದೇ ರೆಕ್ವಿಯಂ ಮಾಡಿದ್ರು, ಹಾಡಿದ್ದು ರೆನಾಟಾ ತೆಬಾಲ್ದಿ, ನೆಲ್ ರ‍್ಯಾಂಕಿನ್, ಜಚಿಂತೊ ಪ್ರಾಂದೆಲ್ಲಿ, ನಿಕೋಲಾ ರೊಸ್ಸಿ-ಲೆಮೆನಿ. ಅದರ ರೆಕಾರ್ಡಿಂಗೂ ಉಳಿದಿದೆ. ಒಂದೇ ದಿನ, ಸಮುದ್ರದ ಎರಡು ದಡ, ಒಂದೇ ಕೃತಿ. ನಾನು ವರ್ಷಕ್ಕೊಂದ್ಸಲ ಜನವರೀಲಿ ಎರಡನ್ನೂ ಬೆನ್ನುಬೆನ್ನಿಗೆ ಕೇಳ್ತೀನಿ, ದೆ ಸಬಾತಾ ಎಳೆದು ಎಳೆದು ಹಿಂಸೆ ಕೊಡೋ ಕಡೆ ಟೋಸ್ಕನೀನಿ ನೇರ ನುಗ್ತಾರೆ. ಯಾವುದು ಸರಿ ಅಂತ ಪ್ರತಿ ವರ್ಷ ಮನಸ್ಸು ಬದಲಾಗುತ್ತೆ.

ಈ ಹಳೇವು ಯಾಕೆ ಹಾಗೆ ಕೇಳಿಸ್ತವೆ ಅಂತ ಸ್ವಲ್ಪ ಗೊತ್ತಿರ್ಬೇಕು, ಇಲ್ಲಾಂದ್ರೆ ಮೋಸಕ್ಕೂ ದೋಷಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಟೇಪ್ ಬರೋ ಮೊದ್ಲು ರೇಡಿಯೋದವರು ಕಛೇರೀನ ಲ್ಯಾಕರ್ ಡಿಸ್ಕ್ ಮೇಲೆ ಕೊರೀತಿದ್ರು, ಅಲ್ಯುಮಿನಿಯಂ ತಟ್ಟೆಗೆ ಮೆರುಗೆಣ್ಣೆ ಥರದ ಪದರ ಬಳಿದಿದ್ದು, ದೊಡ್ಡದು ಹದಿನಾರು ಇಂಚು, ಒಂದು ಬದಿಗೆ ಹೆಚ್ಚು ಕಮ್ಮಿ ಹದಿನೈದು ನಿಮಿಷ. ರೆಕ್ವಿಯಂ ಒಂದು ಗಂಟೆ ಇಪ್ಪತ್ತು ನಿಮಿಷದ ಆಸುಪಾಸು, ಲೆಕ್ಕ ಹಾಕಿ, ಐದಾರು ಬದಿ. ಎರಡು ಮೆಷಿನ್ ಇದ್ರೆ ಒಂದು ಮುಗಿಯೋದ್ರೊಳಗೆ ಇನ್ನೊಂದು ಶುರು, ಮೆಷಿನ್ ಒಂದೇ ಇದ್ರೆ ತಟ್ಟೆ ಬದಲಾಯಿಸೋ ಹೊತ್ತಿನ ಸಂಗೀತ ಹೋದ ಹಾಗೆ. ಮನೇಲಿ ಕೂತು ರೇಡಿಯೋಯಿಂದ ಕೊರ್ಕೊಂಡೋರದ್ದು ಇನ್ನೂ ಚಿಕ್ಕ ತಟ್ಟೆ, ನಾಲ್ಕೈದು ನಿಮಿಷಕ್ಕೊಂದು ಸಲ ಗುಂಡಿ. ಈ ಜೋಡಣೆ ಜಾಗಗಳೇ ಒಂದು ರೆಕಾರ್ಡಿಂಗಿನ ಬೆರಳಚ್ಚು. ಎರಡು ಸಿಡೀಲೂ ಒಂದೇ ಜಾಗದಲ್ಲಿ ಧ್ವನಿಯ ಬಣ್ಣ ಥಟ್ ಅಂತ ಬದಲಾದ್ರೆ ಎರಡೂ ಒಂದೇ ತಾಯಿ ಮಕ್ಕಳು.

ದೀಯೆಸ್ ಈರೆಲಿ ಇನ್ನೊಂದು ಗುರುತು ಸಿಗುತ್ತೆ. ಆರ್ಕೆಸ್ಟ್ರಾ ಹೊಡೆತ ಆದ್ಮೇಲೆ ಎದುರೇಟಿಗೆ ದೊಡ್ಡ ಡ್ರಮ್ ಒಂಟಿಯಾಗಿ ಬೀಳುತ್ತಲ್ಲ, ಅದಕ್ಕೆ ವರ್ಡಿ ಸ್ಕೋರಲ್ಲೇ ಬರೆದಿದಾರೆ, ಡ್ರಮ್ಮಿನ ಹಗ್ಗ ಚೆನ್ನಾಗಿ ಬಿಗೀಬೇಕು, ಹೊಡೆತ ಒಣಗಿದ ಹಾಗೆ, ಭಾರಿ ಜೋರಾಗಿ ಬರ್ಬೇಕು ಅಂತ. ಈ ಹೊಡೆತ ಡಿಸ್ಕ್ ಕೊರೆಯೋ ಸೂಜಿಗೆ ಯಮ. ಅದಕ್ಕೇ ಕಂಟ್ರೋಲ್ ರೂಮಲ್ಲಿ ಕೂತವನು ಮೊದಲ ಹೊಡೆತಕ್ಕೆ ಬೆಚ್ಚಿ ವಾಲ್ಯೂಂ ಇಳಿಸ್ತಾನೆ, ಕೊಯರ್ ದೂರ ಹೋಗುತ್ತೆ, ಆಮೇಲೆ ನಿಧಾನಕ್ಕೆ ಏರಿಸ್ತಾನೆ. ಎಂಬತ್ತು ವರ್ಷದ ಹಿಂದೆ ಆ ಮನುಷ್ಯನ ಕೈ ನಡುಗಿದ್ದು ಇವತ್ತಿಗೂ ಕೇಳಿಸುತ್ತೆ ರೀ! ಪ್ರತಿ ಸಂಜೆ ಆ ಕೈ ಬೇರೆ ಥರ ಓಡಿರುತ್ತೆ, ಗುರುತು ಹಿಡಿಯೋಕೆ ಇದಕ್ಕಿಂತ ಒಳ್ಳೇ ಜಾಗ ನಂಗೆ ಗೊತ್ತಿಲ್ಲ.

ಇನ್ನು ಶ್ರುತಿ. ಹಳೇ ಡಿಸ್ಕ್, ಟೇಪ್‌ಗಳ ವೇಗ ನೆಟ್ಟಗಿರಲ್ಲ, ಕಾಪಿ ಮಾಡಿದಷ್ಟೂ ಸೊಟ್ಟ. ದೀಯೆಸ್ ಈರೆ ಶುರುವಾಗೋದು ಜಿ ಮೈನರ್‌ನಲ್ಲಿ, ಫೋನಲ್ಲಿ ಟ್ಯೂನರ್ ಆಪ್ ಹಾಕಿ ಆ ಮೊದಲ ಹೊಡೆತಗಳನ್ನ ಹಿಡೀರಿ. ಹೆಚ್ಚು ಕಮ್ಮಿ ಜಿ ತೋರಿಸಿದ್ರೆ ಸರಿ, ಜಿ ಶಾರ್ಪ್ ತೋರಿಸಿದ್ರೆ ಅರ್ಧ ಸ್ವರ ಏರಿದೆ, ಅಂದ್ರೆ ವೇಗ ಸುಮಾರು ಶೇಕಡ 6 ಜಾಸ್ತಿ. ಎಂಬತ್ತು ನಿಮಿಷಕ್ಕೆ ನಾಲ್ಕೂವರೆ ನಿಮಿಷದಷ್ಟು ಕಮ್ಮಿ ಆಗೋಗುತ್ತೆ. ‘ಅತಿ ವೇಗದ ರೋಮಾಂಚಕ ಕಛೇರಿ’ ಅಂತ ಹೊಗಳಿಸ್ಕೊಂಡ ಎಷ್ಟೋ ಸಿಡಿಗಳ ರೋಮಾಂಚನ ಇಷ್ಟೇ, ಮೋಟರ್ ಜೋರಾಗಿ ತಿರುಗಿದ್ದು. ನಮ್ಮ ಕಡೆ ಶ್ರುತಿ ಪೆಟ್ಟಿಗೆ ಜೊತೆ ಬೆಳೆದೋರಿಗೆ ಈ ಏರಿದ ಶ್ರುತಿ ಬೇಗ ಕಿವಿಗೆ ಚುಚ್ಚುತ್ತೆ. ಜೊತೆಗೆ ಹಿನ್ನೆಲೇಲಿ ಗುಂಯ್ ಅಂತ ಕರೆಂಟಿನ ಸದ್ದು ಇದ್ಯಾ ನೋಡಿ. ಯುರೋಪಿನ ಕರೆಂಟು 50 ಹರ್ಟ್ಜ್, ಅಮೆರಿಕದ್ದು 60. ಲಂಡನ್ ಕಛೇರಿ ಅಂತ ಮಾರೋ ಫೈಲಲ್ಲಿ 60ರ ಗುಂಯ್ ಇದ್ರೆ ಒಂದೋ ಅದು ಅಮೆರಿಕದಲ್ಲಿ ಕಾಪಿ ಆಗಿದೆ, ಇಲ್ಲಾ ಲಂಡನ್ನೇ ಅಲ್ಲ. ಇದೊಂದರ ಮೇಲೇ ತೀರ್ಪು ಕೊಡೋಕಾಗಲ್ಲ, ಅನುಮಾನಕ್ಕೆ ಸಾಕು.

ಎರಡು ಫೈಲ್ ಒಂದೇ ಕಛೇರಿನಾ ಅಂತ ನೋಡೋಕೆ ದೊಡ್ಡ ವಿದ್ಯೆ ಬೇಡ. ಅಡಾಸಿಟಿ ಸಾಫ್ಟ್‌ವೇರಲ್ಲಿ ಎರಡನ್ನೂ ಮೇಲೆ ಕೆಳಗೆ ಹಾಕಿ, ಎಡಗಿವಿಗೆ ಒಂದು ಬಲಗಿವಿಗೆ ಒಂದು ಬಿಡಿ, ಒಂದು ಹೊಡೆತಕ್ಕೆ ಸರಿಯಾಗಿ ಜೋಡಿಸಿ. ಬೇರೆ ಬೇರೆ ಕಛೇರಿ ಆಗಿದ್ರೆ ಹತ್ತು ಸೆಕೆಂಡಲ್ಲಿ ದಾರಿ ಬೇರೆ ಆಗುತ್ತೆ. ಒಂದೇ ಆಗಿದ್ರೆ ಎರಡು ಕಿವಿಗೂ ಒಬ್ಬನೇ ಕೆಮ್ತಾನೆ. 2007ರಲ್ಲಿ ಬ್ರಿಟನ್‌ನಲ್ಲಿ ಒಬ್ಬ ಪಿಯಾನೋ ಕಲಾವಿದೆ ಹೆಸರಲ್ಲಿ ಬಂದಿದ್ದ ಸಿಡಿಗಳು ಬೇರೆಯವರ ರೆಕಾರ್ಡಿಂಗ್ ಕದ್ದವು ಅಂತ ಬಯಲಾಗಿದ್ದೂ ಹೀಗೇ, ಕಂಪ್ಯೂಟರಿಗೆ ಸಿಡಿ ಹಾಕಿದಾಗ ಟ್ರ್ಯಾಕ್‌ಗಳ ಉದ್ದ ನೋಡಿ ಅದು ಬೇರೊಬ್ಬರ ಹೆಸರು ತೋರಿಸ್ತು. ಅಂದ್ರೆ ಪ್ರತಿ ಭಾಗದ ನಿಮಿಷ ಸೆಕೆಂಡು ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಬೇಜಾರಿನ ಕೆಲಸ, ನಿಜ.

ಎಲ್ಲಿಂದ ಮುಂದೆ ಹೋಗೋದು ಅಂದ್ರೆ, ಕಂಡಕ್ಟರ್ ಹಿಂದೆ ಹೋಗೋ ಬದಲು ಒಬ್ಬ ಗಾಯಕಿ ಹಿಂದೆ ಹೋಗಿ ನೋಡಿ. ನಂಗೆ ಇದರಷ್ಟು ಸುಖ ಬೇರೆ ಯಾವ ದಾರೀಲೂ ಸಿಕ್ಕಿಲ್ಲ. ಮಿಲಾನೊವ್ ತಗೊಳ್ಳಿ, 1906ರಲ್ಲಿ ಹುಟ್ಟಿದವರು. 1938ರ ಮೇ 27ರಂದು ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಟೋಸ್ಕನೀನಿ ಜೊತೆ ಬಿಬಿಸಿ ಸಿಂಫನಿಗೆ ಹಾಡಿದ್ರು, ಜೊತೆಗೆ ಶೆರ್ಸ್ಟಿನ್ ಥೋರ್ಬೋರ್ಗ್, ಹೆಲ್ಗೆ ರೋಸ್ವೆಂಗೆ, ಮೊಸ್ಕೋನಾ. ಆಗ ಮೂವತ್ತೆರಡು ವಯಸ್ಸು. ಆಮೇಲೆ 1940ರ ನ್ಯೂಯಾರ್ಕ್. ಆಮೇಲೆ ನೆಗೀರಿ 1959ರ ಮಾರ್ಚ್‌ಗೆ, ಮೆಟ್ರೋಪಾಲಿಟನ್ ಒಪೇರಾ, ಕಂಡಕ್ಟರ್ ಬ್ರೂನೋ ವಾಲ್ಟರ್, ಟೆನರ್ ಕಾರ್ಲೊ ಬೆರ್ಗೊನ್ಸಿ. ಮೂರರಲ್ಲೂ ಕೊನೇ ಭಾಗ ‘ಲೀಬೆರಾ ಮೆ’ ಮಾತ್ರ ತೆಗೆದು ಕೇಳಿ. ಆರ್ಕೆಸ್ಟ್ರಾ ನಿಂತು ಬರೀ ಕೊಯರ್ ಮೇಲೆ ಸೊಪ್ರಾನೋ (ಹೆಂಗಸರ ಮೇಲ್ದನಿ) ಹಾಡ್ತಾ ಕೊನೇಗೆ ಮೇಲಿನ ಬಿ ಫ್ಲಾಟ್‌ಗೆ ಏರ್ತಾರಲ್ಲ, ನೀವು ಕೊಯರಲ್ಲಿ ನಿಂತು ಉಸಿರು ಹಿಡ್ಕೊಂಡಿರ್ತೀರಿ ಆ ಜಾಗ, ಅಲ್ಲಿ ವರ್ಡಿ ಬರೆದಿರೋದು ನಾಲ್ಕು ಪಿ, ಅಂದ್ರೆ ಇದೆಯೋ ಇಲ್ವೋ ಅನ್ನೋ ಅಷ್ಟು ಮೆತ್ತಗೆ. ಲಂಡನ್ನಲ್ಲಿ ಆ ಸ್ವರ ಗಾಳೀಲಿ ತೇಲುತ್ತೆ. ಇಪ್ಪತ್ತೊಂದು ವರ್ಷ ಆದ್ಮೇಲೆ ನ್ಯೂಯಾರ್ಕಲ್ಲಿ ಅದೇ ಸ್ವರಕ್ಕೆ ಹೋಗೋ ಮೊದ್ಲು ಒಂದು ತಯಾರಿ ಕೇಳಿಸುತ್ತೆ, ಮೊಣಕಾಲು ನೋವಿರೋರು ಮೆಟ್ಟಿಲು ಹತ್ತೋ ಮುಂಚೆ ಕಂಬ ಹಿಡ್ಕೊಳ್ಳೋ ಥರ. ನಂಗೆ ಎರಡನೇದೇ ಹೆಚ್ಚು ಇಷ್ಟ, ಯಾಕೆ ಅಂತ ಕೇಳ್ಬೇಡಿ, ವಯಸ್ಸು ಇರ್ಬೇಕು.

ಆ ಕ್ವೀನ್ಸ್ ಹಾಲ್ ಈಗಿಲ್ಲ, 1941ರ ಮೇ ತಿಂಗಳಲ್ಲಿ ಜರ್ಮನ್ ಬಾಂಬಿಗೆ ಸುಟ್ಟು ಹೋಯ್ತು. ಹಾಗಾಗಿ ಲಂಡನ್ 1938 ಕೇಳೋದು ಅಂದ್ರೆ ಇಲ್ಲದ ಒಂದು ಕಟ್ಟಡದ ಗೋಡೆಗಳನ್ನೂ ಕೇಳಿದ ಹಾಗೆ.

ಉಳಿದ ಕಂಡಕ್ಟರುಗಳದ್ದು ಚುಟುಕಾಗಿ. ಗ್ವಿದೊ ಕಾಂತೆಲ್ಲಿಯ ಬಾಸ್ಟನ್ ಕಛೇರಿ, 1954ರ ಡಿಸೆಂಬರ್, ಹುಡುಕಿ ಕೇಳಿ. ಎರಡು ವರ್ಷದೊಳಗೆ ಪ್ಯಾರಿಸ್ ಹತ್ರ ವಿಮಾನ ಬಿದ್ದು ಮೂವತ್ತಾರಕ್ಕೇ ಹೋದ್ರು. ಜುಲಿನಿ ಅವರ ಸ್ಟುಡಿಯೋ ರೆಕಾರ್ಡಿಂಗ್ ನಿಮ್ಮ ಹತ್ರ ಇದ್ದೇ ಇರುತ್ತೆ, ಅದೇ ಹೊತ್ತಿನ 1964ರ ಲಂಡನ್ ರಾಯಲ್ ಫೆಸ್ಟಿವಲ್ ಹಾಲ್ ಕಛೇರೀನೂ ತಗೊಳ್ಳಿ, ಕೊಯರ್ ಅದೇ ಫಿಲ್ಹಾರ್ಮೋನಿಯಾ, ಬೆಂಕಿ ಬೇರೆ. ಕರಾಯನ್ 1967ರಲ್ಲಿ ಲಾ ಸ್ಕಾಲಾದಲ್ಲಿ ಮಾಡಿದ್ದು ಫಿಲ್ಮ್, ಗಡ್ಡ ಇಲ್ಲದ ಪವರೊಟ್ಟಿ ನೋಡ್ಬೇಕು ಅನ್ನೋರಿಗೆ. ಅಬ್ಬಾದೊ ಬರ್ಲಿನ್ 2001, ಕ್ಯಾನ್ಸರ್ ಆಪರೇಷನ್ ಆದ ಮರುವರ್ಷದ್ದು, ಮುಖ ಬಡಕಲಾಗಿ ಹೋಗಿತ್ತು. ಇವ್ಯಾವೂ ಅಪರೂಪ ಅಲ್ಲ, ಅಂಗಡೀಲಿ ಸಿಗ್ತವೆ. ಅಪರೂಪದ್ದು ಒಳ್ಳೇದು ಅನ್ನೋ ಭ್ರಮೆ ನಮ್ಮ ರೋಗ, ಬಿಡ್ಸ್ಕೊಳ್ಳಿ. ಕೆಲವು ಅಪರೂಪ ಯಾಕಾದ್ವು ಅಂದ್ರೆ ಯಾರಿಗೂ ಬೇಡವಾಗಿದ್ವು.

ನಿಮ್ಮ ಊರಲ್ಲೇ ಒಂದಿದೆ, ಅದನ್ನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಕಣ್ಣಿಟ್ಟು ನೋಡಿ. ವರ್ಡಿಯ ‘ಲೀಬೆರಾ ಮೆ’ ಮೊದಲು ಬರೆದಿದ್ದು ಈ ರೆಕ್ವಿಯಂಗೆ ಅಲ್ಲ, ರೊಸ್ಸಿನಿ ಸತ್ತಾಗ ಇಟಲಿಯ ಹದಿಮೂರು ಜನ ಸಂಗೀತಗಾರರು ಸೇರಿ ಬರೆದ ಒಂದು ಸ್ಮಾರಕ ಕೃತಿಗೆ. ಅದು 1869ರಲ್ಲಿ ಆಗಬೇಕಿತ್ತು, ಜಗಳ ಬಿದ್ದು ನಿಂತೋಯ್ತು, ಮೊದಲ ಸಲ ಹಾಡಿದ್ದು 1988ರಲ್ಲಿ, ನಿಮ್ಮ ಸ್ಟುಟ್‌ಗಾರ್ಟ್‌ನಲ್ಲೇ, ಹೆಲ್ಮುಟ್ ರಿಲಿಂಗ್ ಕಂಡಕ್ಟರ್. ರೆಕಾರ್ಡಿಂಗ್ ಬಂದಿದೆ. ನೀವು ಹಾಡಿದ ಅದೇ ಸಂಗೀತ ಐದು ವರ್ಷ ಚಿಕ್ಕದಿದ್ದಾಗ ಹೇಗಿತ್ತು ಅಂತ ಗೊತ್ತಾಗುತ್ತೆ.

ಇನ್ನು ಯಾರೇ ಕೊಡ್ತೀನಿ ಅಂದ್ರೂ ನಂಬಬಾರದ ಒಂದು. ಎರಡನೇ ಮಹಾಯುದ್ಧದ ಹೊತ್ತಲ್ಲಿ ನಾಝಿಗಳು ಯಹೂದಿಗಳನ್ನ ಕೂಡಿಹಾಕಿದ್ದ ತೆರೆಝೀನ್ ಶಿಬಿರದಲ್ಲಿ ರಾಫಾಯೆಲ್ ಶೆಕ್ಟರ್ ಅನ್ನೋ ಯುವ ಕಂಡಕ್ಟರ್ ಇದೇ ರೆಕ್ವಿಯಂ ಕಲಿಸಿದ್ರು. ಇದ್ದಿದ್ದು ಒಂದೇ ಸ್ಕೋರು, ನೂರೈವತ್ತು ಜನರ ಕೊಯರ್, ನೆಲಮಾಳಿಗೇಲಿ ಬಾಯಿಪಾಠ. ಲ್ಯಾಟಿನ್ ಒಂದೊಂದು ಸಾಲೂ ಕೇಳಿ ಕೇಳಿ ಕಲ್ತಿದ್ದು, ಹಗಲು ದುಡಿಮೆ ಮುಗಿಸಿ ಬಂದು. ಕಲ್ತವರನ್ನ ರೈಲಿಗೆ ಹತ್ತಿಸಿ ಆಶ್‌ವಿಟ್ಸ್‌ಗೆ ಕಳಿಸಿದ್ರೆ ಮತ್ತೆ ಹೊಸಬರಿಗೆ ಮೊದಲಿಂದ ಪಾಠ. ಹೀಗೆ ಹದಿನಾರು ಸಲ ಹಾಡಿದ್ರು, ಕೊನೇದು 1944ರ ಜೂನ್‌ನಲ್ಲಿ ರೆಡ್ ಕ್ರಾಸ್‌ನವರು ಬಂದಾಗ. ಅಕ್ಟೋಬರಲ್ಲಿ ಶೆಕ್ಟರ್‌ನೂ ಕಳಿಸಿದ್ರು. ಆ ಹದಿನಾರರಲ್ಲಿ ಒಂದರದ್ದೂ ರೆಕಾರ್ಡಿಂಗ್ ಇಲ್ಲ. ನನ್ನ ಪಟ್ಟೀಲಿ ಮೊದಲ ಸಾಲಲ್ಲಿ ಅದರ ಹೆಸರು ಬರೆದು ಮುಂದೆ ಖಾಲಿ ಬಿಟ್ಟಿದೀನಿ. ವರ್ಡಿ ತಾವೇ ನಡೆಸಿದ ಮೊದಲ ಕಛೇರೀದೂ ಹಾಗೇ, 1874ರ ಮೇ 22, ಮಿಲಾನ್‌ನ ಸಾನ್ ಮಾರ್ಕೊ ಚರ್ಚು, ಎಡಿಸನ್ ಫೋನೋಗ್ರಾಫ್ ಮಾಡೋಕೆ ಇನ್ನೂ ಮೂರು ವರ್ಷ ಇತ್ತು.

ಮೇ 22 ಅಂದಾಗ ನೆನಪಾಯ್ತು, ಮೈಸೂರಿನವರಾದ್ರಿಂದ ಹೇಳಿಬಿಡ್ತೀನಿ, ರೆಕ್ವಿಯಂಗೆ ನೇರ ಸಂಬಂಧ ಇಲ್ಲ. 1950ರ ಅದೇ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಶ್ಟ್ರೌಸ್‌ನ ಕೊನೇ ನಾಲ್ಕು ಹಾಡುಗಳು ಮೊದಲ ಸಲ ಕೇಳಿಸಿದ್ವು, ಹಾಡಿದ್ದು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ಕಂಡಕ್ಟರ್ ಫುರ್ಟ್‌ವೆಂಗ್ಲರ್. ದುಡ್ಡಿನ ಹೊಣೆ ಹೊತ್ತಿದ್ದು ನಮ್ಮ ಜಯಚಾಮರಾಜ ಒಡೆಯರ್, 4,800 ಡಾಲರ್. ಅವರು ಹೋಗೋಕಾಗ್ಲಿಲ್ಲ, ಅದಕ್ಕೇ ಕಛೇರಿ ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸೋ ಏರ್ಪಾಡು. ಆಗ್ಲೇ ಅವರ ಸಂಗ್ರಹ ಇಪ್ಪತ್ತು ಸಾವಿರ ರೆಕಾರ್ಡು ಅಂತ ಅಂದಾಜು. ಮುಂದೆ ಆ ಕಛೇರಿ ಸಿಡಿಯಾಗೂ ಬಂತು, ಧ್ವನಿ ಸವೆದು ಸೊರಗಿದೆ, ಆದ್ರೂ ಅದು ಆ ಸಂಜೆನೇ. ಅಪರೂಪದ ಲೈವ್ ರೆಕಾರ್ಡಿಂಗ್ ಹುಚ್ಚು ನಮ್ಮೂರಿಗೆ ಹೊಸದಲ್ಲ ಅಂತ ಮನೆಯವರಿಗೆ ಹೇಳ್ಕೊಳ್ಳೋಕೆ ನಿಮಗೊಂದು ನೆಪ ಆಯ್ತು.

ಕಾಪಿರೈಟು, ಕೇಳಿಲ್ಲ ನೀವು, ಆದ್ರೂ ಒಂದು ಮಾತು. ಅವಧಿ ದೇಶಕ್ಕೊಂದು ಥರ, ಭಾರತದಲ್ಲಿ ರೆಕಾರ್ಡಿಂಗಿಗೆ 60 ವರ್ಷ, ಯುರೋಪಲ್ಲಿ ಬೇರೆ, ಅಮೆರಿಕದಲ್ಲಿ ಹಳೇದಕ್ಕೇ ಇನ್ನೂ ಬಿಗಿ. ಅದಕ್ಕೇ ಯುರೋಪಿನ ಚಿಕ್ಕ ಲೇಬಲ್‌ಗಳ ಕೆಲವು ಸಿಡಿ ಅಮೆರಿಕದಲ್ಲಿ ಮಾರಲ್ಲ. ನೀವಿರೋ ಕಡೆ ಅಂಗಡೀಲಿ ಸಿಗೋದನ್ನ ತಗೊಳ್ಳೋಕೆ ಹೆದರಬೇಡಿ, ಆದ್ರೆ ಯಾರದೋ ಹತ್ರ ಸಿಕ್ಕಿದ ಖಾಸಗಿ ಟೇಪ್‌ನ ನೆಟ್ಟಿಗೆ ಹಾಕೋ ಮೊದ್ಲು ಯೋಚ್ನೆ ಮಾಡಿ. ಫೈಲ್ ಇಡೋದು ಫ್ಲ್ಯಾಕ್‌ನಲ್ಲಿ (ಧ್ವನಿಯ ಗುಣ ಕಳೆಯದ ಫೈಲ್ ರೂಪ), ಮೂಲ ಪ್ರತಿ ಮುಟ್ಟದೆ ಒಂದು ಕಡೆ, ಸಾಫ್ಟ್‌ವೇರಲ್ಲಿ ಸರಸರ ಸದ್ದು ತೆಗೆಯೋ ಆಸೆ ಆದ್ರೆ ಕಾಪಿ ಮೇಲೆ ಮಾಡಿ. ಸರಸರದ ಜೊತೆ ಹಾಲ್‌ನ ಗಾಳೀನೂ ಹೋಗುತ್ತೆ, ಹಾಡೋರೆಲ್ಲ ಹತ್ತಿ ಮೂಟೆ ಒಳಗೆ ಕೂತ ಹಾಗಾಗ್ತಾರೆ, ನಾನು ಒಂದು ಡಜನ್ ಹಾಳು ಮಾಡಿದೀನಿ.

ಈಗ ನಿಮ್ಮ ಟೇಪು. ಬರ್ಲಿನ್, 1960 ಅಂದ ತಕ್ಷಣ ನಂಗೆ ಮೊದಲು ಬರೋ ಅನುಮಾನ ಕಂಡಕ್ಟರ್ ಫೆರೆಂಕ್ ಫ್ರಿಚಾಯ್, ಅಕ್ಟೋಬರ್ 23ರ ಕಛೇರಿ. ಮರಿಯಾ ಶ್ಟಾಡರ್, ಒರಾಲಿಯಾ ದೊಮಿಂಗೆಸ್, ಗಾಬರ್ ಕರೆಲಿ, ಇವಾನ್ ಶಾರ್ದಿ. ಫ್ರಿಚಾಯ್‌ಗೆ ಆಗ್ಲೇ ಗಂಭೀರ ಕಾಯಿಲೆ, ದೊಡ್ಡ ಆಪರೇಷನ್‌ಗಳು ಆಗಿದ್ವು, 1963ರಲ್ಲಿ ನಲವತ್ತೆಂಟಕ್ಕೇ ತೀರ್ಕೊಂಡ್ರು. ಅವರದ್ದೇ 1953ರ ಸ್ಟುಡಿಯೋ ರೆಕಾರ್ಡಿಂಗ್ ಚುರುಕಾಗಿದೆ, ಇದು ನಿಧಾನ, ಒಳಗಡೆ ನೋಡ್ಕೊಂಡು ಮಾಡಿದ ಹಾಗೆ. ಅದು ಡಾಯ್ಚ ಗ್ರಾಮೊಫೋನ್‌ನಿಂದ ಬಂದು ಎಷ್ಟೋ ವರ್ಷ ಆಗಿದೆ, ಹಾಗಾಗಿ ಟೇಪ್‌ನಲ್ಲಿ ಅದೇ ಇದ್ರೆ ಸಂಗೀತ ಅಪರೂಪ ಅಲ್ಲ. ನಿರಾಸೆ ಬೇಡ, ಬೇರೇದೂ ಇರಬಹುದು, ಅದೇ ಇದ್ರೂ ರೇಡಿಯೋ ಅನೌನ್ಸರ್ ಮಾತು, ಮುಂದಿನ ಹಿಂದಿನ ಮೌನ ಇವೆಲ್ಲ ಸಿಡೀಲಿ ಇರಲ್ಲ.

ಮೊದಲು ಮೂಸಿ ನೋಡಿ. ವಿನೆಗರ್ ವಾಸನೆ ಬಂದ್ರೆ ಅದು ಅಸಿಟೇಟ್ ಟೇಪು, ಕೊಳೆಯೋಕೆ ಶುರುವಾಗಿದೆ, ಬೇಗ ಸ್ಟುಡಿಯೋಗೆ ಕೊಡಿ, ಬೇರೆ ಟೇಪ್‌ಗಳ ಪಕ್ಕ ಇಡಬೇಡಿ. ಸುರುಳಿಯನ್ನ ಬೆಳಕಿಗೆ ಹಿಡೀರಿ, ಅಂಚಿನಿಂದ ಬೆಳಕು ಹಾಯ್ದು ಕಂದು ಬಣ್ಣಕ್ಕೆ ಹೊಳೆದ್ರೂ ಅಸಿಟೇಟೇ, ಎಳೆದ್ರೆ ಪಟ್ ಅಂತ ತುಂಡಾಗುತ್ತೆ. ಯಾರಾದ್ರೂ ಟೇಪ್‌ನ ಓವನ್‌ನಲ್ಲಿ ಬಿಸಿ ಮಾಡ್ಬೇಕು ಅಂದ್ರೆ ಆ ಮನೆಯಿಂದ ಎದ್ದು ಬನ್ನಿ. ಆ ಚಿಕಿತ್ಸೆ ಎಪ್ಪತ್ತು ಎಂಬತ್ತರ ದಶಕದ ಅಂಟಂಟು ಟೇಪ್‌ಗಳಿಗೆ, ಅಸಿಟೇಟ್‌ಗೆ ಮಾಡಿದ್ರೆ ಸತ್ತೇ ಹೋಗುತ್ತೆ. ವೇಗ ಬಹುಶಃ ಸೆಕೆಂಡಿಗೆ 9.5 ಇಲ್ಲಾ 19 ಸೆಂಟಿಮೀಟರ್. ಹದಿನೆಂಟು ಸೆಂಟಿಮೀಟರ್ ಸ್ಪೂಲಲ್ಲಿ 540 ಮೀಟರ್ ಟೇಪ್ ಇದ್ರೆ 9.5ರ ವೇಗಕ್ಕೆ ಒಂದೇ ಬದೀಲಿ ತೊಂಬತ್ತು ಚಿಲ್ಲರೆ ನಿಮಿಷ, ಇಡೀ ರೆಕ್ವಿಯಂ ಹಿಡಿಯುತ್ತೆ. 19ಕ್ಕೆ ನಲವತ್ತೇಳು ನಿಮಿಷ, ಅಂದ್ರೆ ದೀಯೆಸ್ ಈರೆಯ ಕೊನೇ ತುಂಡು ಲಾಕ್ರಿಮೋಸಾ ಮುಗಿಯೋ ಹೊತ್ತಿಗೆ ಬದಿ ತಿರುಗಿಸಿರ್ಬೇಕು. ಎರಡೂ ಬದಿ ಬಳಸಿದ್ದು ಗೊತ್ತಿಲ್ಲದೆ ತಪ್ಪು ಹೆಡ್ಡಿನ ಮೆಷಿನ್‌ಗೆ ಹಾಕಿದ್ರೆ ಇನ್ನೊಂದು ಬದಿ ಹಿಂದುಮುಂದಾಗಿ ಜೊತೆಗೇ ಕೇಳಿಸುತ್ತೆ, ದೆವ್ವ ಅಂತ ಹೆದರಬೇಡಿ. ಅಪ್ಪಟ ಸ್ಟೀರಿಯೋ ಇದ್ರೆ ಆ ವರ್ಷದ ರೇಡಿಯೋಯಿಂದ ಹಿಡಿದಿದ್ದಲ್ಲ, ಜರ್ಮನೀಲಿ ಸ್ಟೀರಿಯೋ ಪ್ರಸಾರ ಶುರುವಾಗಿದ್ದೇ 1963ರಲ್ಲಿ.

ಆ ಡಬ್ಬಿ, ಪೆನ್ಸಿಲ್ ಬರಹ, ಒಳಗೆ ಏನಾದ್ರೂ ಚೀಟಿ ಇದ್ರೆ ಅದು, ಎಲ್ಲದರ ಫೋಟೋ ತೆಗೆದಿಡಿ. ಆ ಹಿರಿಯರನ್ನ ಒಂದು ದಿನ ಕಾಫಿಗೆ ಕರೀರಿ, ರೇಡಿಯೋ ಮುಂದೆ ಮೈಕ್ ಇಟ್ಟು ಹಿಡಿದ್ರಾ, ವೈರಿಂದ ಹಿಡಿದ್ರಾ, ಯಾವ ಸ್ಟೇಷನ್, ಅವತ್ತೇ ಪ್ರಸಾರನಾ ಆಮೇಲಾ ಅಂತ ಕೇಳಿ, ಇದನ್ನ ಹೇಳೋರು ಅವರೊಬ್ಬರೇ ಉಳಿದಿರೋದು. ಟ್ರಾನ್ಸ್‌ಫರ್ ಮುಗಿದ್ಮೇಲೆ ದೀಯೆಸ್ ಈರೆ ಮೊದಲ ಎರಡು ನಿಮಿಷ, ಇಂಗೆಮಿಸ್ಕೊ, ಲಕ್ಸ್ ಎತೆರ್ನಾ ಮೂರನ್ನ ಡಾಯ್ಚ ಗ್ರಾಮೊಫೋನ್ ಸಿಡಿ ಜೊತೆ ಕಿವಿಗೊಂದು ಹಾಕಿ ನೋಡಿ, ಎರಡು ಕಿವಿಗೂ ಒಬ್ಬನೇ ಕೆಮ್ಮಿದ್ರೆ ಫ್ರಿಚಾಯ್. ಬೇರೆ ಬೇರೆ ಕೆಮ್ಮಿದ್ರೆ ತಕ್ಷಣ ನಂಗೆ ಬರೀರಿ.